ಹಳದಿ ಸೈಕಲ್ಲುಗಳೂ ನಮ್ಮ ಶಾಲೆಯ ಕಮಾನೂ

ಕಳೆದ ವಾರ ಬೀರುವಿನಲ್ಲಿದ್ದ ಹಳೆಯ ಕಡತಗಳನ್ನು ಜೋಡಿಸುತ್ತಿದ್ದಾಗ ಒಂದು ಛಾಯಾಚಿತ್ರ ಕೈಗೆ ಸಿಕ್ಕಿತು. ಇಪ್ಪತ್ತೆರಡು ಸೈಕಲ್ಲುಗಳನ್ನು ಬಿದಿರಿನ ಚೌಕಟ್ಟಿಗೆ ಬಿಗಿದು ನಮ್ಮ ಪ್ರೌಢಶಾಲೆಯ ಮುಂದೆ ಕಟ್ಟಿದ ಕಮಾನು. ಅದರಡಿಯಲ್ಲಿ ಎದೆಯುಬ್ಬಿಸಿ ನಿಂತ ನಾನು. 2008ರ ವಾರ್ಷಿಕೋತ್ಸವದ ಚಿತ್ರವದು. ಆ ವರ್ಷದ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಅಡಿಕೆ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದ ಸಹಪಾಠಿಯೊಬ್ಬನ ತಂದೆಯ ಚಿಕಿತ್ಸೆಗಾಗಿ ಕಮಾನಿನಡಿ ಹುಂಡಿಯಿಟ್ಟು ಹಣ ಕೂಡಿಸಿದ್ದೆವು.

ಈ ಚಿತ್ರದ ವಿಷಯ ಎತ್ತಲು ಕಾರಣವಿದೆ. ಬರುವ ಡಿಸೆಂಬರಿನಲ್ಲಿ ಶಾಲೆಯ ಸುವರ್ಣ ಮಹೋತ್ಸವ. ಹೊಸ ಸೈಕಲ್ಲುಗಳನ್ನು ಕೊಂಡು, ಅವುಗಳಿಂದ ಮತ್ತೆ ಅಂಥದೇ ಕಮಾನು ಕಟ್ಟಿ, ಸಮಾರಂಭ ಮುಗಿದ ಮೇಲೆ ದೂರದ ಊರುಗಳ ಮಕ್ಕಳಿಗೆ ಹಂಚಬೇಕೆಂದು ನಿಮ್ಮಲ್ಲಿ ಕೆಲವರು ಸೂಚಿಸಿದ್ದೀರಿ. ಉದ್ದೇಶ ಶ್ಲಾಘನೀಯವೇ. ಆದರೂ ನನ್ನ ಒಪ್ಪಿಗೆ ಇಲ್ಲ.

2022ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯಂದಿರು ಒಂದು ಭಾನುವಾರ ಕಾರಿನಲ್ಲಿ ಹಳ್ಳಿಗಳ ಕಡೆಗೆ ಕರೆದೊಯ್ದರು. ದಾರಿಯ ಕಲ್ಲಿನ ಗೋಡೆಗಳ ಮೇಲೆ, ಹೋಟೆಲುಗಳ ನೆತ್ತಿಯ ಮೇಲೆ ಅಲ್ಲಲ್ಲಿ ಮಾಸಿದ ಹಳದಿ ಸೈಕಲ್ಲುಗಳು! 2014ರ ಜುಲೈ 5ರಂದು 'ಟೂರ್ ದ ಫ್ರಾನ್ಸ್' ಪಂದ್ಯ ಲೀಡ್ಸ್‌ನಿಂದಲೇ ಹೊರಟಿತ್ತು. ಆ ಪಂದ್ಯದಲ್ಲಿ ಮುಂದಿರುವವನು ತೊಡುವುದು ಹಳದಿ ಅಂಗಿ. ಹಾಗಾಗಿ ಯಾರ್ಕ್‌ಶೈರಿನ ಜನ ಹಳೆಯ ಸೈಕಲ್ಲುಗಳಿಗೆ ಹಳದಿ ಬಳಿದು ಊರೂರುಗಳನ್ನು ಸಿಂಗರಿಸಿದ್ದರು. ಅಜ್ಜಿಯರು ಉಣ್ಣೆಯಲ್ಲಿ ಪುಟ್ಟ ಪುಟ್ಟ ಅಂಗಿಗಳನ್ನು ಸಾವಿರಗಟ್ಟಲೆ ಹೆಣೆದು ತೋರಣ ಕಟ್ಟಿದ್ದರಂತೆ. ಮ್ಯಾಷಮ್ ಎಂಬ ಊರಿನಲ್ಲಿ ಮಳೆಗೆ ನೆನೆದ ಉಣ್ಣೆಯ ಭಾರವನ್ನು ದೀಪದ ಕಂಬಗಳು ತಾಳಲಾರವೆಂದು ಅಧಿಕಾರಿಗಳು ಆ ತೋರಣಗಳನ್ನು ಇಳಿಸಿದರಂತೆ. ಅಧಿಕಾರಿಗಳು ಎಲ್ಲೆಡೆ ಒಂದೇ!

ನಾನು ಕಾರಿನಿಂದಿಳಿದು ಒಂದು ಸೈಕಲ್ಲನ್ನು ಮುಟ್ಟಿ ನೋಡಿದೆ. ಸರಪಳಿ ತುಕ್ಕು ಹಿಡಿದಿತ್ತು, ಬ್ರೇಕು ಇರಲಿಲ್ಲ. ಓಡುವ ಆಯಸ್ಸು ಮುಗಿದ ಗಾಡಿ. ಹಾಗಾದರೆ ಓಡಬಲ್ಲ ಸೈಕಲ್ಲುಗಳು ಏನಾದವು? ಅದೇ ಪಂದ್ಯದ ನೆನಪಿಗೆ ಅಲ್ಲಿ 'ಬೈಕ್ ಲೈಬ್ರರಿ'ಗಳು ಆರಂಭವಾಗಿದ್ದವು. ಮನೆಯಲ್ಲಿ ಬಿದ್ದಿರುವ ಸೈಕಲ್ಲನ್ನು ಜನ ದಾನ ಕೊಡುವುದು, ಅದನ್ನು ದುರಸ್ತಿ ಮಾಡಿ, ಗ್ರಂಥಾಲಯದ ಪುಸ್ತಕದಂತೆ, ಸೈಕಲ್ಲಿಲ್ಲದ ಮಕ್ಕಳಿಗೆ ಎರವಲು ನೀಡುವುದು. ಸತ್ತದ್ದು ಗೋಡೆಗೆ, ಬದುಕಿದ್ದು ಮಗುವಿಗೆ. ಈ ವಿಂಗಡಣೆ ನನಗೆ ಬಹಳ ಹಿಡಿಸಿತು.

ಬೇರೊಂದು ಬಗೆಯೂ ಉಂಟು. 2009ರಲ್ಲಿ ಡೇಮಿಯನ್ ಹರ್ಸ್ಟ್ ಎಂಬ ಕಲಾವಿದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಸೈಕಲ್ಲಿಗೆ ನಿಜವಾದ ಚಿಟ್ಟೆಗಳ ರೆಕ್ಕೆಗಳನ್ನು ಅಂಟಿಸಿದ. ಅದು ನ್ಯೂಯಾರ್ಕಿನ ಹರಾಜಿನಲ್ಲಿ 5 ಲಕ್ಷ ಡಾಲರಿಗೆ ಮಾರಾಟವಾಗಿ, ಹಣ ಕ್ಯಾನ್ಸರ್ ರೋಗಿಗಳ ನೆರವಿಗಾಗಿದ್ದ ಪ್ರತಿಷ್ಠಾನಕ್ಕೆ ಸಂದಿತು. (ಉದ್ದೀಪನ ಮದ್ದಿನ ಪ್ರಕರಣದಲ್ಲಿ ಆ ಸವಾರನ ಏಳು ಗೆಲುವುಗಳು 2012ರಲ್ಲಿ ರದ್ದಾದವು. ಅದು ಬೇರೆ ಕಥೆ.) ಒಂದೇ ಸೈಕಲ್ಲಿನಿಂದ ಅಷ್ಟು ಹಣ ಬರುವುದಾದರೆ ಅದು ಓಡದಿದ್ದರೂ ಚಿಂತೆಯಿಲ್ಲ ಎಂದು ನೀವು ವಾದಿಸಬಹುದು. ಒಪ್ಪುತ್ತೇನೆ. ಚಿಟ್ಟೆಗಳನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ನನ್ನ ಕೊರಗು.

ಕೇಳದೆ ಮಾಡಿದ ತಪ್ಪು ನನ್ನದೂ ಇದೆ. ನಮ್ಮ ಕಮಾನಿಗೆ ನಾನು ಆಯ್ದದ್ದು, 2006–07ರಿಂದ ಸರ್ಕಾರ ಎಂಟನೆಯ ತರಗತಿಗೆ ಕೊಡಲಾರಂಭಿಸಿದ್ದ ಹೊಸ ಸೈಕಲ್ಲುಗಳನ್ನು. ಎಲ್ಲವೂ ಒಂದೇ ಬಣ್ಣ, ನೋಟಕ್ಕೆ ಚೆನ್ನ! 'ಎಲ್ಲರೂ ಕೊಡುತ್ತೀರಷ್ಟೆ?' ಎಂದೆ. ಮೇಷ್ಟರು ಹಾಗೆ ಕೇಳಿದರೆ ಯಾವ ಮಗು ತಾನೇ ಇಲ್ಲವೆಂದೀತು? ಕಮಾನು ನಾಲ್ಕು ದಿನ ನಿಂತಿತು. ಹುಂಡಿಯಲ್ಲಿ ಮೂರು ಸಾವಿರದ ಚಿಲ್ಲರೆ ಬಿತ್ತು. ನಾಲ್ಕು ದಿನವೂ ಒಬ್ಬ ಹುಡುಗಿ ತರಗತಿಯಲ್ಲಿರಲಿಲ್ಲ. ಐದನೆಯ ದಿನ ಅವಳನ್ನು ನಿಲ್ಲಿಸಿ ಗದರಿದೆ.

'ಸೈಕಲ್ ಕಮಾನಲ್ಲಿತ್ತಲ್ಲ ಸಾರ್. ಕಾಡುದಾರೀಲಿ ಒಬ್ಬಳೇ ನಡೆದು ಹೋಗೋದು ಬೇಡ ಅಂದ್ರು ಅಮ್ಮ.'

ಅವಳ ದನಿಯಲ್ಲಿ ದೂರಿರಲಿಲ್ಲ. ಅವಳ ಮನೆ ಶಾಲೆಗೆ ಆರು ಕಿಲೋಮೀಟರು. ಹಾಜರಿ ಪುಸ್ತಕದಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದ ಆ ನಾಲ್ಕು ಗೈರುಹಾಜರಿಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಹೊಸ ಸೈಕಲ್ಲುಗಳನ್ನು ಕೊಂಡ ವಾರದಲ್ಲೇ, ಭಾಷಣ ಹಾರಗಳಿಲ್ಲದೆ, ಮಕ್ಕಳ ಕೈಗೆ ಒಪ್ಪಿಸಿಬಿಡಿ; ಡಿಸೆಂಬರಿನವರೆಗೆ ಕಾಯಬೇಡಿ. ಕಮಾನು ಬೇಡವೆಂದಲ್ಲ, ಕಟ್ಟೋಣ. ಪೇಟೆಯ ಗುಜರಿ ಅಂಗಡಿಯವರನ್ನು ವಿಚಾರಿಸಿದ್ದೇನೆ, ಮುರುಕು ಸೈಕಲ್ಲುಗಳನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರಂತೆ. ನಿಮ್ಮ ಹಿತ್ತಿಲಲ್ಲೂ ಟೈರು ಕೊಳೆತು ಬಿದ್ದಿರುವುದಿದ್ದರೆ ತಿಳಿಸಿ. ಬಣ್ಣದ ಖರ್ಚು ನನ್ನದು.