ನಗಿಸೋಕೆ ತೊದಲುವವನೇ ಬೇಕಾ?

ಈಗ ಊರೂರಲ್ಲೂ ಕಾಮಿಡಿ ಸ್ಕಿಟ್ ಬರೆಯುವ ಹುಡುಗರಿದ್ದಾರೆ. ಗಣಪತಿ ಪೆಂಡಾಲಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಇಲ್ಲವೇ ರೀಲ್ಸ್‌ಗೆ. ಸಂತೋಷ. ಆದರೆ ಹೊಸಬರ ಸ್ಕಿಟ್‌ಗಳು ಹೆಚ್ಚಿನವು ಒಂದೇ ಅಚ್ಚಿನವು. ತೊದಲುವ ಒಬ್ಬ, ಕಪ್ಪಗಿದ್ದಾಳೆಂದು ಬೈಸಿಕೊಳ್ಳುವ ಹೆಂಡತಿ, ಸೀರೆ ಉಟ್ಟ ಗಂಡಸು, ಒಬ್ಬ ಕುಡುಕ. ಕೊನೆಗೆ ಯಾರಿಗಾದರೂ ಒಂದೇಟು. ಇದನ್ನು ಹಾಸ್ಯ ಅನ್ನುವುದಕ್ಕೆ ನಮ್ಮ ತಕರಾರಿದೆ.

'ಜನ ನಗ್ತಾರಲ್ಲ' ಅನ್ನುವುದು ಸಿದ್ಧ ಉತ್ತರ. ನಗುತ್ತಾರೆ, ನಿಜ. ಆದರೆ ಅದೇ ಪೆಂಡಾಲಿನ ಮೂಲೆಯಲ್ಲಿ ತೊದಲುವ ಹುಡುಗನೊಬ್ಬ ಕೂತಿರುತ್ತಾನೆ. ಮರುದಿನದಿಂದ ಶಾಲೆಯಲ್ಲಿ ಆ ಪಾತ್ರದ ಹೆಸರೇ ಅವನಿಗೆ ಖಾಯಂ. ಇನ್ನು ಬರವಣಿಗೆಯ ಲೆಕ್ಕದಲ್ಲೂ ಇದು ಸೋಮಾರಿತನ. ತೊದಲು ತೆಗೆದರೆ ಆ ಸ್ಕಿಟ್‌ನಲ್ಲಿ ಉಳಿಯುವುದೇನು?

ಕನ್ನಡದ ಹಾಸ್ಯಕ್ಕೆ ಬೇರೆ ದಾರಿಯೂ ಗೊತ್ತು. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದು ರಾಜನ ಎದುರಿಗೇ ಆಡುಮಾತಲ್ಲಿ ಕಾಲೆಳೆಯುತ್ತಾನೆ. ಟಿ.ಪಿ. ಕೈಲಾಸಂ 'ಟೊಳ್ಳುಗಟ್ಟಿ'ಯಲ್ಲಿ ನಕ್ಕಿದ್ದು ಪರೀಕ್ಷೆಯ ಮಾರ್ಕೇ ಬದುಕು ಎಂದು ನಂಬಿದ, ತಮ್ಮಂಥದೇ ಓದಿದವರ ಮನೆಗಳನ್ನು ನೋಡಿ. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ದ ಸಾವಿರಾರು ಪ್ರದರ್ಶನಗಳಲ್ಲಿ ಮಂತ್ರಿ, ಅಧಿಕಾರಿಗಳನ್ನು ವೇದಿಕೆಯಿಂದಲೇ ಝಾಡಿಸಿದರು.

ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳಲ್ಲಿ ಡಬಲ್ ಮೀನಿಂಗ್ ಮಾತುಗಳೂ ಇವೆ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅಲ್ಲಿ ಗೌಡನೂ ಆಳೂ ಉತ್ತರ ಕರ್ನಾಟಕದ ಮಾತೇ ಆಡುತ್ತಾರೆ. ಟೀವಿ ನೋಡಿ ಕಲಿತವರಿಗೆ ಆ ಮಾತೇ ಜೋಕ್ ಆಗಿಬಿಟ್ಟಿದೆ.

ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ಒಂದು ಜಾಗ, ಎರಡು ಮೂರು ಪಾತ್ರ, ಒಬ್ಬರಿಗೆ ಬೇಕಾದ ಒಂದೇ ವಸ್ತು, ಅದಕ್ಕೊಂದು ವಿಚಿತ್ರ ಅಡ್ಡಿ. ಐದು ನಿಮಿಷಕ್ಕೆ ಇಷ್ಟು ಸಾಕು. ಅಡ್ಡಿ ಒಂದೇ ಇರಲಿ, ಆದರೆ ಪ್ರತಿ ಸಲವೂ ದೊಡ್ಡದಾಗುತ್ತಾ ಹೋಗಲಿ.

ರೇಷನ್ ಅಂಗಡಿಯನ್ನೇ ತಗೊಳ್ಳಿ. ಅಜ್ಜಿಗೆ ಅಕ್ಕಿ ಬೇಕು. ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದಿವೆ, ಯಂತ್ರ ಒಪ್ಪುವುದಿಲ್ಲ.

"ಇದು ನೀನಲ್ಲ ಅಂತೈತೆ ಅಜ್ಜಿ."

"ಹಂಗಾರೆ ಹೋದ ತಿಂಗಳ ಅಕ್ಕಿ ಉಂಡೋಳು ಯಾರಪ್ಪ?"

ಇವಳು ನಮ್ಮವ್ವನೇ ಎಂದು ಹೇಳಲು ಮಗ ಬರುತ್ತಾನೆ. ಅವನ ಬೆರಳೂ ತಾಳೆಯಾಗಲ್ಲ. ಅಷ್ಟರಲ್ಲಿ ಯಂತ್ರ ಲಾಗ್ ಔಟ್ ಆಗುತ್ತದೆ. ಮತ್ತೆ ತೆರೆಯಲು ಅಂಗಡಿಯವನೇ ಬೆರಳಿಡಬೇಕು. ಈಗ ಅವನೂ ಅವನಲ್ಲ! ಅಜ್ಜಿ ಖಾಲಿ ಚೀಲ ಅವನ ಕೈಗಿಟ್ಟು, "ಬಾ, ನೀನೂ ಲೈನಾಗೆ ನಿಂತ್ಕೊ" ಅನ್ನುತ್ತಾಳೆ. ಮುಗೀತು.

ಇಲ್ಲಿ ಯಾರೂ ಅಜ್ಜಿಯನ್ನು ನೋಡಿ ನಗಲಿಲ್ಲ. ಅವಳ ಜೊತೆ ಸೇರಿ, ಆ ಯಂತ್ರವನ್ನೇ ನಂಬುವ ವ್ಯವಸ್ಥೆಯನ್ನು ನೋಡಿ ನಕ್ಕರು. ಸರ್ವರ್ ಡೌನ್, ರೇಷನ್ ಇಲ್ಲ ಎಂದು ನಾವು ಕಳಿಸುವ ಸುದ್ದಿ ಒಳಪುಟದ ಮೂಲೆಯಲ್ಲಿ ಬಂದು ಹೋಗುತ್ತದೆ. ಅದೇ ಸ್ಕಿಟ್ ಆದರೆ ಮುಖ್ಯ ಅತಿಥಿಯೂ ಕೂತು ನೋಡಲೇಬೇಕು.

'ಪೆಂಡಾಲಿಗೆ ದುಡ್ಡು ಕೊಟ್ಟವರಿಗೇ ಬೇಜಾರಾದರೆ?' ಎಂಬ ಭಯ ಸುಳ್ಳಲ್ಲ. ಹೆಸರು ಹಾಕಬೇಡಿ, ಕುರ್ಚಿಯನ್ನಷ್ಟೇ ತೋರಿಸಿ, ಊರಿಗೆ ಅರ್ಥವಾಗುತ್ತದೆ. ಆದರೆ ಆ ಭಯಕ್ಕೆ, ತಿರುಗಿ ಮಾತಾಡಲಾಗದವರನ್ನೇ ಹುಡುಕಿ ಗೇಲಿ ಮಾಡುವುದನ್ನು ನಾವು ಹೇಡಿತನ ಅನ್ನುತ್ತೇವೆ.

ಬರೆದು ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರ ಮೇಲಿದೆಯೋ ಅವರು ಮುಂದಿನ ಸಾಲಿನ ಕುರ್ಚಿಯವರಾ, ಚಾಪೆ ಮೇಲೆ ಕೂರುವವರಾ? ಚಾಪೆಯವರಾದರೆ ಹರಿದು ಹಾಕಿ ಇನ್ನೊಮ್ಮೆ ಬರೆಯಿರಿ.