ಎಲ್ಲಾ ಟೆಸ್ಟ್ ಪಾಸಾಗಿಲ್ಲ!

ಮೊನ್ನೆ ರಾತ್ರಿ ಸಹೋದ್ಯೋಗಿಯೊಬ್ಬ ಫೋನ್ ಮಾಡಿ "ಎಲ್ಲಾ ಟೆಸ್ಟ್ ಪಾಸಾಗಿಲ್ಲ ಗುರೂ" ಅಂದ. ಎದ್ದೆನೋ ಬಿದ್ದೆನೋ ಅಂತ ಆಫೀಸಿಗೆ ಓಡಿದೆ. ನೋಡಿದ್ರೆ ಫೇಲಾಗಿದ್ದು ಒಂದೇ ಒಂದು!

ತಪ್ಪು ಅವನದ್ದಲ್ಲ. ಆ ವಾಕ್ಯಕ್ಕೇ ಎರಡರ್ಥ. ತರ್ಕಶಾಸ್ತ್ರದ ಸಂಕೇತಗಳಲ್ಲಿ ಈ ಗೊಂದಲವಿಲ್ಲ: "ಎಲ್ಲಾ" ಚಿಹ್ನೆ ಮೊದಲು ಬಂದರೆ ಒಂದೂ ಪಾಸಾಗಿಲ್ಲ, "ಇಲ್ಲ" ಮೊದಲು ಬಂದರೆ ಒಂದಾದರೂ ಫೇಲಾಗಿದೆ, ಅಷ್ಟೇ. ಗಣಿತಕ್ಕೆ ಆಡುಮಾತು ಸಾಲದು ಅಂತಲೇ ಜರ್ಮನಿಯ ಫ್ರೇಗೆ 1879ರಲ್ಲಿ ಇಂಥದ್ದೊಂದು ಭಾಷೆ ಕಟ್ಟಿದ.

ಕಾಲೇಜಲ್ಲಿ ಈ ಚಿಹ್ನೆಗಳನ್ನ ಉರು ಹೊಡೆಸಿದರು. ಕನ್ನಡ ಮೀಡಿಯಂನಿಂದ ಬಂದ ನಾನು, ಅರ್ಥವಾಗದ್ದಕ್ಕೆ ನನ್ನ ಇಂಗ್ಲಿಷೇ ಕಾರಣ ಅಂದ್ಕೊಂಡಿದ್ದೆ. ಆದರೆ ಇದೇ ವಾಕ್ಯವನ್ನ ಇಂಗ್ಲಿಷಲ್ಲಿ ಹೇಳಿ ನೋಡಿ, ಅಲ್ಲೂ ಅದೇ ರೋಗ! ತರ್ಕದ ಭಾಷೆ ಇಂಗ್ಲಿಷಲ್ಲ. ಅಂದ್ಮೇಲೆ ಅದನ್ನ ಕನ್ನಡದಲ್ಲೇ ಯಾಕೆ ಕಲಿಸಬಾರದು? ನೀವೇನಂತೀರಿ?