ನೀರಿಗೆ ತಕ್ಕ ಸೋಸುಪೊರೆ

ಮಳೆಗಾಲದಲ್ಲಿ ಕಂಪ್ಲಿಯ ಸೇತುವೆಯ ಮೇಲೆ ನಿಂತವರಿಗೆ ತುಂಗಭದ್ರೆಯ ಕೆಸರುನೀರು ಹೊಸದಲ್ಲ. ಆ ಕೆಸರನ್ನೂ ಬ್ಯಾಕ್ಟೀರಿಯಾಗಳನ್ನೂ ತಡೆಯಬಲ್ಲ ಪಾಲಿಮರ್ ಸೋಸುಪೊರೆಗಳು ಇಂದು ಲಭ್ಯವಿವೆ. ಅವುಗಳನ್ನು ತಯಾರಿಸುವ ಒಂದು ವಿಧಾನದ ತತ್ತ್ವ ನಮ್ಮ ಅಡುಗೆಮನೆಯಲ್ಲೇ ಇದೆ. ಕಾಯಿಸಿದ ತುಪ್ಪ ಆರಿದಾಗ ಹರಳು ಬೇರೆ, ತಿಳಿ ಬೇರೆ ಆಗುವುದಷ್ಟೆ? ಹಾಗೆಯೇ ಪಾಲಿಪ್ರೊಪಿಲೀನನ್ನು ಬಿಸಿ ದ್ರಾವಕದಲ್ಲಿ ಕರಗಿಸಿ ತಣಿಸಿದರೆ ಎರಡೂ ಬೇರ್ಪಡುತ್ತವೆ. ದ್ರಾವಕವನ್ನು ತೊಳೆದು ತೆಗೆದರೆ ಅದು ಇದ್ದ ಜಾಗವೆಲ್ಲ ಸೂಕ್ಷ್ಮರಂಧ್ರವಾಗಿ ಉಳಿಯುತ್ತದೆ. ಬೇಗ ತಣಿಸಿದಷ್ಟೂ ರಂಧ್ರ ಸಾಮಾನ್ಯವಾಗಿ ಕಿರಿದು. ಅಮೆರಿಕದಲ್ಲಿ ಇದಕ್ಕೆ 1981ರಲ್ಲೇ ಪೇಟೆಂಟ್ ದೊರೆಯಿತು.

ಆದರೆ ಈ ರಂಧ್ರಗಳು ನೀರಿನಲ್ಲಿ ಕರಗಿದ ಫ್ಲೋರೈಡನ್ನು ತಡೆಯಲಾರವು. ಸಂಡೂರಿನ ಕಡೆಯ ಕೊಳವೆಬಾವಿಯಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ್ದರೆ ಆರ್‌ಒ ಪೊರೆಯಂತಹ ಉಪಾಯವೇ ಬೇಕು. ಅದಕ್ಕೆ ವಿದ್ಯುತ್ ಹೆಚ್ಚು; ಒಳಬಂದ ನೀರಿನಲ್ಲಿ ಗಣನೀಯ ಪಾಲು ತ್ಯಾಜ್ಯವಾಗಿ ಹೊರಹೋಗುತ್ತದೆ. ಹೊಸಪೇಟೆ, ಕಂಪ್ಲಿ ಭಾಗದ ಕಾಲುವೆ ನೀರಿನಲ್ಲಿ ಕರಗಿದ ಲವಣ ಮಿತಿಯೊಳಗೇ ಇದ್ದರೆ ಈ ವೆಚ್ಚವನ್ನು ಹೊರುವುದೇಕೆ? ಅಲ್ಲಿ ಸೂಕ್ಷ್ಮರಂಧ್ರದ ಪೊರೆ, ಜೊತೆಗೆ ಕ್ಲೋರಿನ್ ಸಾಕು.

ಸೇವೆಯಲ್ಲಿದ್ದಾಗ, ಒಂದೂರಿನ ಅಂದಾಜುಪಟ್ಟಿಯನ್ನೇ ಹತ್ತೂರಿಗೆ ನಕಲಿಸಿದ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಆ ಅನುಕೂಲದ ಬೆಲೆ ತೆತ್ತವರು ಗ್ರಾಮಸ್ಥರು. ಮೊದಲು ನೀರಿನ ಪರೀಕ್ಷೆ, ಆಮೇಲೆ ಪೊರೆಯ ಆಯ್ಕೆ, ಅಂದಾಜಿನಲ್ಲೇ ನಿರ್ವಹಣೆಯ ಹಣ: ಈ ಕ್ರಮ ಕಡ್ಡಾಯವಾಗಬೇಕು.

ಹಂಪಿಯ ಕಲ್ಲುಕಾಲುವೆಗಳನ್ನು ಕಟ್ಟಿದವರು ನೆಲದ ಇಳಿಜಾರನ್ನು ಅರಿತು ಕಟ್ಟಿದರು. ನಾವು ನೀರಿನ ಗುಣವನ್ನಾದರೂ ಅರಿಯಬೇಡವೇ?